ಮಿಕ್ಸಿಯ ತಳದ ಕೆಂಪು ಗುಂಡಿ

ಬೆಳಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿ ಥಟ್ಟನೆ ನಿಂತುಬಿಡುತ್ತದೆ. ಕೆಟ್ಟೇಹೋಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ. ಹೊರೆ ಹೆಚ್ಚಾದಾಗ ಮೋಟಾರು ಸುಟ್ಟುಹೋಗದಂತೆ ತಾನಾಗಿ ನಿಲ್ಲುವ ಏರ್ಪಾಡು ಬಹಳಷ್ಟು ಮಿಕ್ಸಿಗಳಲ್ಲಿದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಆರಲು ಬಿಟ್ಟು, ತಳದಲ್ಲಿರುವ ಪುಟ್ಟ ಕೆಂಪು ಗುಂಡಿ ಒತ್ತಿದರೆ ಸಾಕು. ಮೋಟಾರು ತಿರುಗಿಯೂ ಬ್ಲೇಡು ತಿರುಗದಿದ್ದರೆ, ಜಾರು ಕೂರುವ ಕಡೆಯ ಕಪ್ಲರ್ ನೋಡಬೇಕು. ಅದರ ಹಲ್ಲುಗಳು ಸವೆದು ನುಣ್ಣಗಾಗಿರುತ್ತವೆ. ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ ಅದೂ ಸವೆದಾಗ ಬದಲಾಯಿಸಲೆಂದೇ ಇರುವ ಭಾಗ. ಇಡೀ ಯಂತ್ರದ ಬೆಲೆಯ ಮುಂದೆ ಅದರದ್ದು ಏನೇನೂ ಅಲ್ಲ. ಆದ್ದರಿಂದಲೇ, ಎಸೆಯುವ ಮೊದಲು ಒಮ್ಮೆ ತಿರುವಿ ನೋಡೋಣ ಎನ್ನುತ್ತೇನೆ.

ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಹೊಸದನ್ನು ಹುಡುಕಿ, ಬೆಲೆ ಹೋಲಿಸಿ ತರುವುದಕ್ಕೂ ಹೊತ್ತು ಹಿಡಿಯುತ್ತದಲ್ಲ! ಕರೆಂಟಿನ ಭಯವೋ, ಅದು ನ್ಯಾಯವಾದದ್ದೇ. ಪ್ಲಗ್ ತೆಗೆಯದೆ ಮುಟ್ಟಲೇಬಾರದು. ಸುಟ್ಟ ವಾಸನೆ ಬಂದರೆ, ವೈರು ಹೊರಗೆ ಕಂಡರೆ ಬಲ್ಲವರಿಗೇ ಕೊಡಬೇಕು. ನಮ್ಮ ಬೀದಿಯ ರಿಪೇರಿ ಅಂಗಡಿಗೂ ಅದರಿಂದ ಕೆಲಸ ಸಿಗುತ್ತದೆ. ಬಿಡಿಭಾಗವೇ ಸಿಗುವುದಿಲ್ಲ ಎಂಬ ದೂರು ಮಾತ್ರ ನಿಜಕ್ಕೂ ಗಟ್ಟಿಯಾದದ್ದು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿಯೇ ಒಂದು ಜಾಲತಾಣ ತೆರೆಯಿತು. ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಅದರ ಆಶಯ. ಆದರೆ ಕೇಳುವವರಿದ್ದರೆ ತಾನೇ ಹಕ್ಕಿಗೆ ಬಲ? ಮುಂದಿನ ಸಲ ಮಿಕ್ಸಿ ಕೊಳ್ಳುವಾಗ, ಎಷ್ಟು ವ್ಯಾಟ್ ಎಂದು ಕೇಳುವ ಮೊದಲು, ಇದರ ಕಪ್ಲರ್ ಇಲ್ಲೇ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ.