ಜಪಾನಿನಲ್ಲಿ ಮೊದಲ ಚಳಿಗಾಲದ ರಜೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ವಿದೇಶ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಗಲ್ಫ್. ದುಬೈಗೋ ದಮ್ಮಾಮಿಗೋ ಹೊರಟ ಹುಡುಗನನ್ನು ಕರೆದುಕೊಂಡು ಹೋಗಲು ವಿಮಾನ ನಿಲ್ದಾಣಕ್ಕೆ ಮಾವನೋ, ಊರಿನ ಇನ್ಯಾರೋ ಬಂದೇ ಬರುತ್ತಾರೆ. ಮಲಗಲು ಜಾಗ, ಮೀನು ಸಾರಿನ ಊಟ, ಕಿವಿಗೆ ಬೀಳುವ ಬಾಂಗ್, ಎಲ್ಲವೂ ಹೋದ ದಿನದಿಂದಲೇ ಸಿಗುತ್ತವೆ. ಜಪಾನಿಗೆ ಓದಲು ಹೋಗುವವನಿಗೆ ಇದಾವುದೂ ಮೊದಲೇ ಸಿದ್ಧವಾಗಿರುವುದಿಲ್ಲ. ಎಲ್ಲವನ್ನೂ ಅವನೇ ಹುಡುಕಿಕೊಳ್ಳಬೇಕು. ಹುಡುಕಿಕೊಂಡದ್ದು ಎಷ್ಟು ಗಟ್ಟಿ ಎಂಬುದು ಗೊತ್ತಾಗುವುದು ಡಿಸೆಂಬರ್ ಕೊನೆಯ ರಜೆಯಲ್ಲಿ. ಇವತ್ತು ನಾನು ಮಾತನಾಡುವುದು ಆ ರಜೆಯ ಬಗ್ಗೆ.

ಜಪಾನ್ ಸರಕಾರದ ವಿದ್ಯಾರ್ಥಿವೇತನದ ಬಗ್ಗೆ ನಿಮ್ಮಲ್ಲಿ ಕೆಲವರು ಈಗಾಗಲೇ ವಿಚಾರಿಸಿದ್ದೀರಿ. ಅದರ ವಿವರ ದೆಹಲಿಯ ರಾಯಭಾರ ಕಚೇರಿಯಲ್ಲೂ ಬೆಂಗಳೂರಿನ ಕಾನ್ಸುಲೇಟ್‌ನಲ್ಲೂ ಸಿಗುತ್ತದೆ, ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಎರಡನೆಯ ಅವಧಿ ಅಕ್ಟೋಬರ್‌ನಲ್ಲಿ. ಹೊರಗಿನಿಂದ ಬರುವ ಅನೇಕರು ಅಕ್ಟೋಬರ್‌ನಲ್ಲೇ ಬರುತ್ತಾರೆ. ಅಂದರೆ ಭಾಷೆ ನಾಲಗೆಗೆ ಹತ್ತುವ ಮೊದಲೇ, ಮೂರು ತಿಂಗಳೊಳಗೆ, ಚಳಿಯೂ ರಜೆಯೂ ಒಟ್ಟಿಗೆ ಬಂದುಬಿಡುತ್ತವೆ.

ಡಿಸೆಂಬರ್ 25ಕ್ಕೆ ಅಲ್ಲಿ ಸರಕಾರಿ ರಜೆ ಇಲ್ಲ. ನಿಜವಾದ ರಜೆ ಹೊಸ ವರ್ಷದ್ದು. ಸರಕಾರಿ ಕಚೇರಿಗಳು ಡಿಸೆಂಬರ್ 29ರಿಂದ ಜನವರಿ 3ರವರೆಗೆ ಮುಚ್ಚಿರುತ್ತವೆ. ಬ್ಯಾಂಕುಗಳು 31ರಿಂದ 3ರವರೆಗೆ ಇಲ್ಲ. ಬಹಳಷ್ಟು ಕ್ಲಿನಿಕ್‌ಗಳಿಗೂ ಬಾಗಿಲು. ಕಸದ ಗಾಡಿ ಕೂಡ ಕೆಲವು ದಿನ ಬರುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಹತ್ತು ಹದಿನೈದು ದಿನ ರಜೆ. ಜೊತೆಗೆ ಓದುವ ಜಪಾನಿ ಹುಡುಗರು ತಂದೆ ತಾಯಿಯ ಊರಿಗೆ ಹೋಗುತ್ತಾರೆ. ನಮ್ಮಲ್ಲಿ ಹಬ್ಬವೆಂದರೆ ಬೀದಿ ತುಂಬಬೇಕು, ನೆಂಟರ ಮನೆಗಳಿಗೆ ಸುತ್ತಬೇಕು. ಅಲ್ಲಿ ಜನವರಿ 1ರ ಬೆಳಿಗ್ಗೆ ವಸತಿ ಬೀದಿಗಳಲ್ಲಿ ಒಂದು ಸೈಕಲ್ಲಿನ ಸದ್ದೂ ಇರುವುದಿಲ್ಲ. ಜನ ಮನೆಯೊಳಗೆ, ಇಲ್ಲವೇ ದೇವಾಲಯದ ಸಾಲಿನಲ್ಲಿ. ಕೋಣೆಯಲ್ಲಿ ಒಬ್ಬನೇ ಇರುವ ಹೊಸಬನಿಗೆ, ತನ್ನನ್ನು ಇಡೀ ದೇಶ ಮರೆತುಬಿಟ್ಟಿದೆ ಎಂದು ಅನಿಸುವುದು ಆಗಲೇ. "ಇಲ್ಲಿ ನನಗಾಗುವುದಿಲ್ಲ, ವಾಪಸ್ ಬರುತ್ತೇನೆ" ಎಂಬ ಫೋನು ಮನೆಗೆ ಬರುವುದೂ ಹೆಚ್ಚಾಗಿ ಆಗಲೇ. ಓದಲಾಗದೆ ಬರುವ ಫೋನಲ್ಲ ಅದು. ಆದ್ದರಿಂದ ಮನೆಯವರು ಗಾಬರಿಯಾಗಿ ಟಿಕೆಟ್ ತೆಗೆಯುವ ಮೊದಲು, ಜನವರಿ 4ಕ್ಕೆ ಕಚೇರಿಗಳು ತೆರೆಯುವವರೆಗಾದರೂ ಕಾಯಬೇಕು.

ಹಾಗಾದರೆ ಮೊದಲೇ ಏನು ಮಾಡಬೇಕು? ಕಾಗದ ಪತ್ರದ ಕೆಲಸ ಡಿಸೆಂಬರ್ 28ರೊಳಗೆ ಮುಗಿದಿರಬೇಕು. 2012ರಿಂದ ವಿದೇಶಿಯರಿಗೆ ನಿವಾಸ ಕಾರ್ಡ್ ಕೊಡುತ್ತಾರೆ, ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದಾಗಲೇ ಅದು ಕೈಗೆ ಸಿಗುತ್ತದೆ. ಮನೆ ಗೊತ್ತಾದ 14 ದಿನದೊಳಗೆ ಸ್ಥಳೀಯ ಆಡಳಿತ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ರಾಷ್ಟ್ರೀಯ ಆರೋಗ್ಯ ವಿಮೆಗೆ ಅಲ್ಲೇ ಸೇರಬೇಕು. ವಿಮೆ ಇದ್ದರೆ ಆಸ್ಪತ್ರೆ ಖರ್ಚಿನಲ್ಲಿ ನಿಮ್ಮ ಪಾಲು ಶೇಕಡಾ 30 ಮಾತ್ರ. ಹೊಸ ವರ್ಷದ ಜ್ವರ ವಿಮೆ ಆಗುವವರೆಗೆ ಕಾಯುವುದಿಲ್ಲ. ರಜೆಯಲ್ಲೂ ತೆರೆದಿರುವ ಸರದಿ ಕ್ಲಿನಿಕ್ ಯಾವುದು ಎಂದು ನಗರಾಡಳಿತ ಮೊದಲೇ ಪ್ರಕಟಿಸುತ್ತದೆ. ಆ ಹಾಳೆಯನ್ನು ಬಾಗಿಲಿಗೆ ಅಂಟಿಸಿಡಿ. ಆಂಬುಲೆನ್ಸಿಗೆ 119, ಪೊಲೀಸರಿಗೆ 110. ಕೈಯಲ್ಲಿ ಒಂದಿಷ್ಟು ನಗದು ಇರಲಿ. ಕೆಲವು ಬ್ಯಾಂಕುಗಳ ಎಟಿಎಂ ಸೇವೆ ಕೂಡ ಆ ದಿನಗಳಲ್ಲಿ ನಿಂತಿರುತ್ತದೆ.

ರಜೆಯಲ್ಲಿ ದುಡಿದು ನಾಲ್ಕು ಕಾಸು ಮಾಡಿಕೊಳ್ಳಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅನುಮತಿ ಪಡೆದ ವಿದ್ಯಾರ್ಥಿಗೆ ವಾರಕ್ಕೆ 28 ಗಂಟೆ, ವಿದ್ಯಾಲಯದ ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆಯವರೆಗೆ ಕೆಲಸ ಮಾಡಲು ಅವಕಾಶವಿದೆ. ಅನುಮತಿ ಇಲ್ಲದೆ ಮಾಡಿದರೆ ವೀಸಾಕ್ಕೇ ಕುತ್ತು. ಅದಕ್ಕಿಂತ ಹೆಚ್ಚು ಈ ವಿಷಯದಲ್ಲಿ ಹೇಳುವುದಿಲ್ಲ.

ಇನ್ನು ನಮಾಝಿನ ವಿಷಯ. ಹಿರಿಯರು ಅತಿ ಹೆಚ್ಚು ಚಿಂತಿಸುವುದು ಇದಕ್ಕೇ. ಡಿಸೆಂಬರ್ ಕೊನೆಯಲ್ಲಿ ಟೋಕಿಯೋದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 6:50ಕ್ಕೆ, ಮುಳುಗುವುದು ಸಂಜೆ ಸುಮಾರು 4:30ಕ್ಕೆ. ನಮ್ಮ ಕರಾವಳಿಯಲ್ಲಿ ಆಗ ಮಗ್ರಿಬ್ ಆರು ಗಂಟೆ ದಾಟಿದ ಮೇಲೆ. ಅಲ್ಲಿ ಝುಹರ್ ಹನ್ನೆರಡಕ್ಕೆ ಮೊದಲೇ ಆಗುತ್ತದೆ, ಅಸರ್ ಶಾಫಿ ಲೆಕ್ಕದಲ್ಲಿ ಎರಡೂಕಾಲರ ಸುಮಾರಿಗೆ, ಹನಫಿ ಲೆಕ್ಕದಲ್ಲಿ ಮೂರರ ಹತ್ತಿರ. ಮೂರು ಹೊತ್ತಿನ ನಮಾಝ್ ಐದು ಗಂಟೆಯ ಅವಧಿಯೊಳಗೆ, ಅದೂ ತರಗತಿ, ಪ್ರಯೋಗಾಲಯದ ಸಮಯದಲ್ಲೇ ಬರುತ್ತದೆ. ಊರಿನ ಅಭ್ಯಾಸದಂತೆ "ಐದು ಗಂಟೆಗೆ ಕೋಣೆಗೆ ಹೋಗಿ ಅಸರ್ ಮಾಡುತ್ತೇನೆ" ಎಂದುಕೊಂಡರೆ ಅದು ಖಝಾ ಆಗಿರುತ್ತದೆ. ಇದಕ್ಕೆ ದಾರಿ ಒಂದೇ. ಮೊದಲ ವಾರದಲ್ಲೇ ಪ್ರೊಫೆಸರರ ಬಳಿ ಹೋಗಿ, ದಿನಕ್ಕೆ ಇಷ್ಟು ಬಾರಿ, ಪ್ರತಿ ಬಾರಿ ಹತ್ತು ನಿಮಿಷ, ಒಂದು ಮೂಲೆ ಸಾಕು ಎಂದು ವಿನಯದಿಂದ ತಿಳಿಸಬೇಕು. ಜಪಾನಿನವರು ಮೊದಲೇ ಹೇಳಿದ್ದನ್ನು ಗೌರವಿಸುತ್ತಾರೆ. ಹೇಳದೆ ಕೇಳದೆ ಮಾಯವಾಗುವವನನ್ನು ಕಂಡರೆ ಅವರಿಗಾಗದು. ಅಡಗಿ ನಮಾಝ್ ಮಾಡುವವನಿಗಿಂತ ತಿಳಿಸಿ ಮಾಡುವವನಿಗೆ ಅಲ್ಲಿ ಗೌರವ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ವುಝೂ ಇನ್ನೊಂದು ಸಮಸ್ಯೆ. ಎಲ್ಲರೂ ಬಾಯಿ ಮುಕ್ಕಳಿಸುವ ಬೇಸಿನ್ನಿಗೆ ಕಾಲೆತ್ತಿ ಇಟ್ಟು ತೊಳೆದರೆ ಅವರಿಗೆ ಅಸಹ್ಯವಾಗುತ್ತದೆ, ಅದು ಸಹಜ. ಇದಕ್ಕೆ ಶರೀಅತ್‌ನಲ್ಲೇ ರಿಯಾಯಿತಿ ಇದೆ. ಬೆಳಿಗ್ಗೆ ಪೂರ್ಣ ವುಝೂ ಮಾಡಿ ಚರ್ಮದ ಕಾಲುಚೀಲ, ಅಂದರೆ ಖುಫ್, ಹಾಕಿಕೊಂಡರೆ ಊರಲ್ಲಿರುವವನು ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕ ಮೂರು ದಿನ ಅದರ ಮೇಲೆ ಮಸಹ್ ಮಾಡಬಹುದು. ಸಾಮಾನ್ಯ ನೂಲಿನ ಕಾಲುಚೀಲದ ಬಗ್ಗೆ ಭಿನ್ನಾಭಿಪ್ರಾಯವಿದೆ, ನಿಮ್ಮ ಉಸ್ತಾದರನ್ನು ಕೇಳಿಕೊಂಡೇ ಹೋಗಿ. ಒಂದು ಜೊತೆ ಖುಫ್ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಹತ್ತು ಕೆಜಿ ಉಪ್ಪಿನಕಾಯಿಗಿಂತ ಹೆಚ್ಚು ಉಪಕಾರ. ಕಿಬ್ಲಾ ವಿಷಯದಲ್ಲಿ ಮಾತ್ರ ನಮಗೆ ಸುಲಭ. ಟೋಕಿಯೋದಿಂದಲೂ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ. ಮಂಗಳೂರಿನಲ್ಲಿ ನಿಲ್ಲುವ ದಿಕ್ಕಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾತು: ಬಾಕಿ ಉಳಿದ ರಮಝಾನ್ ಉಪವಾಸಗಳನ್ನು ತೀರಿಸಲು ಈ ಚಿಕ್ಕ ಹಗಲುಗಳಷ್ಟು ಅನುಕೂಲ ಬೇರೆ ಇಲ್ಲ.

ಊಟಕ್ಕೆ ಬರೋಣ. ಅಕ್ಕಿ, ಮೀನು ತಿಂದು ಬೆಳೆದ ನಮ್ಮ ಕರಾವಳಿ ಮಕ್ಕಳು ಜಪಾನಿನಲ್ಲಿ ಹಸಿದು ಕೂರುವ ಪ್ರಶ್ನೆಯೇ ಇಲ್ಲ. ಅಲ್ಲಿ ಇವಾಶಿ ಎನ್ನುವುದು ನಮ್ಮ ಬೂತಾಯಿಯ ಸಂಬಂಧಿ, ಸಾಬಾ ನಮ್ಮ ಬಂಗುಡೆಯ ಸಂಬಂಧಿ. ತೊಂದರೆ ಇರುವುದು ಸಿದ್ಧ ಆಹಾರದಲ್ಲಿ. ಹಂದಿ, ಮದ್ಯ, ಮಿರಿನ್ ಎಂಬ ಅಡುಗೆ ಮದ್ಯ, ಜೆಲಾಟಿನ್, ಹಂದಿ ಕೊಬ್ಬು, ಈ ಐದಾರು ಪದಗಳನ್ನು ಅವರ ಲಿಪಿಯಲ್ಲಿ ಗುರುತಿಸಲು ಹೊರಡುವ ಮೊದಲೇ ಕಲಿಯಿರಿ. ವರ್ಷದ ಕೊನೆಯ ರಾತ್ರಿ ಅವರು ತಿನ್ನುವ ಸೋಬಾ ಶಾವಿಗೆ ನೋಡಲು ನಿರಪಾಯ, ಆದರೆ ಅದರ ಸಾರಿಗೆ ಮಿರಿನ್ ಬಿದ್ದಿರುವುದು ಸಾಮಾನ್ಯ. ಡಿಸೆಂಬರ್‌ನಲ್ಲಿ ಪ್ರತಿ ವಿಭಾಗದಲ್ಲೂ ಬೋನೆನ್‌ಕಾಯಿ ಎಂಬ ವರ್ಷಾಂತ್ಯದ ಕೂಟ ಇರುತ್ತದೆ. ಅಲ್ಲಿ ಮದ್ಯ ಇದ್ದೇ ಇರುತ್ತದೆ. ಅಂಥ ಮೇಜಿಗೆ ಕೂರುವುದು ಸರಿಯೇ ಎಂಬುದನ್ನು ನಿಮ್ಮ ದೀನೀ ತಿಳಿವಳಿಕೆಯಂತೆ ತೀರ್ಮಾನಿಸಿ. ಹೋಗದಿದ್ದರೆ ಮರುದಿನ ಪ್ರೊಫೆಸರರಿಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟು, ವರ್ಷವಿಡೀ ಕಲಿಸಿದ್ದಕ್ಕೆ ವಂದನೆ ಹೇಳಿ. ಬಾರದೇ ಇದ್ದವನು ಗೌರವ ಕೊಡದವನಲ್ಲ ಎಂದು ಅವರಿಗೆ ತಿಳಿಯಬೇಕು. ಹಲಾಲ್ ಮಾಂಸ ತರಿಸುವುದಿದ್ದರೆ ಡಿಸೆಂಬರ್ ಮೂರನೇ ವಾರದೊಳಗೆ ತರಿಸಿಡಿ.

ಚಳಿಯೆಂದರೆ ಹಿಮ ಎಂದು ನೀವು ಭಾವಿಸಿರಬಹುದು. ಟೋಕಿಯೋದಲ್ಲಿ ಹಿಮ ಅಪರೂಪ. ಆದರೆ ಹೊಕ್ಕೈದೋ ಬಿಟ್ಟರೆ ಹೆಚ್ಚಿನ ಕಡೆ ಮನೆಯಿಡೀ ಬೆಚ್ಚಗಿಡುವ ವ್ಯವಸ್ಥೆ ಇಲ್ಲ, ಒಂದು ಕೋಣೆಯನ್ನಷ್ಟೇ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಸೀಮೆಎಣ್ಣೆ ಹೀಟರ್ ಇದ್ದರೆ ಆಗಾಗ ಕಿಟಕಿ ತೆರೆಯಲೇಬೇಕು, ಮುಚ್ಚಿದ ಕೋಣೆಯ ವಿಷಾನಿಲಕ್ಕೆ ವಾಸನೆ ಇಲ್ಲ. ಕೆಳಗೆ ಹೀಟರ್ ಇರುವ, ಮೇಲೆ ರಜಾಯಿ ಹೊದೆಸಿದ ಕೊತಾತ್ಸು ಎಂಬ ಗಿಡ್ಡ ಮೇಜು ಬಡ ವಿದ್ಯಾರ್ಥಿಯ ಆಪ್ತಮಿತ್ರ.

2024ರ ಜನವರಿ 1ರ ಸಂಜೆ 4 ಗಂಟೆ 10 ನಿಮಿಷಕ್ಕೆ ನೋತೋ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ಕುಟುಂಬಗಳು ಹೊಸ ವರ್ಷಕ್ಕೆಂದು ಒಟ್ಟುಗೂಡಿದ್ದ ದಿನ ಅದು. ನಿಮ್ಮ ಬೀದಿಯ ಆಶ್ರಯ ಸ್ಥಳ ಯಾವುದು ಎಂದು ಅಕ್ಟೋಬರ್‌ನಲ್ಲೇ ನಡೆದು ನೋಡಿ ಬನ್ನಿ, ಹೆಚ್ಚಾಗಿ ಅದು ಹತ್ತಿರದ ಶಾಲೆಯಾಗಿರುತ್ತದೆ. ಅಲ್ಲಿ ನಿಮ್ಮ ಹೆಸರು ಕರೆಯಬಲ್ಲ ಒಬ್ಬ ನೆರೆಯವರಾದರೂ ಇರಬೇಕು. ಮನೆಗೆ ಬಂದ ದಿನವೇ ಅಕ್ಕಪಕ್ಕದವರಿಗೆ ಒಂದು ಚಿಕ್ಕ ಉಡುಗೊರೆ ಕೊಟ್ಟು ಪರಿಚಯ ಹೇಳುವುದು ಅವರ ಹಳೆಯ ಪದ್ಧತಿ. ನೆರೆಯವರ ಹಕ್ಕಿನ ಬಗ್ಗೆ ಮದ್ರಸದಲ್ಲಿ ಕಲಿತದ್ದಕ್ಕೂ ಇದಕ್ಕೂ ಏನೂ ದೂರವಿಲ್ಲ. ಡಿಸೆಂಬರ್ ಕೊನೆಗೆ ಕಂಡವರಿಗೆಲ್ಲ "ಯೋಯ್ ಒತೋಶಿ ಓ" ಎನ್ನಿ, ಒಳ್ಳೆಯ ವರ್ಷ ಬರಲಿ ಎಂದರ್ಥ.

ಕೊನೆಯದಾಗಿ ಮಸೀದಿ. ತರಗತಿಯಿರುವಾಗ ಜುಮಾ ತಪ್ಪಿಸಿಕೊಳ್ಳುವವರು ಬಹಳ, ರಜೆಯಲ್ಲಿ ಆ ನೆಪವಿಲ್ಲ. ಟೋಕಿಯೋದ ಮಸೀದಿ 1938ರಲ್ಲಿ ತಾತಾರ್ ಮುಸ್ಲಿಮರು ಕಟ್ಟಿದ್ದು, 1986ರಲ್ಲಿ ಕೆಡವಲಾಯಿತು, 2000ದಲ್ಲಿ ತುರ್ಕಿಯ ನೆರವಿನಿಂದ ಮತ್ತೆ ಎದ್ದಿತು. ನೀವು ತಪ್ಪದೆ ನೋಡಬೇಕಾದದ್ದು ಕೋಬೆಯ ಮಸೀದಿ. 1935ರಲ್ಲಿ ತೆರೆದ ಅದಕ್ಕೆ ಹಣ ಕೂಡಿಸಿದವರಲ್ಲಿ ಆ ಬಂದರಿನಲ್ಲಿದ್ದ ಭಾರತೀಯ ಮುಸ್ಲಿಂ ವ್ಯಾಪಾರಿಗಳೂ ಇದ್ದರು. 1945ರ ಬಾಂಬ್ ದಾಳಿಯಲ್ಲಿ ಸುತ್ತಲಿನ ಊರು ಸುಟ್ಟರೂ ಅದು ನಿಂತಿತು, 1995ರ ಜನವರಿ 17ರ ಭೂಕಂಪದಲ್ಲೂ ನಿಂತಿತು. ಊರು ಬಿಟ್ಟು ಹೋದ ಆ ವ್ಯಾಪಾರಿಗಳು ತಮ್ಮ ಹಿಂದೆ ಬರುವ ನಮ್ಮಂಥವರಿಗೂ ನೆರಳು ಮಾಡಿಟ್ಟಿದ್ದಾರೆ. ಮಸೀದಿಗೆ ಹೋದಾಗ ನಮಾಝ್ ಮುಗಿಸಿ ಕೂಡಲೇ ಎದ್ದು ಬರಬೇಡಿ. ಇಂಡೋನೇಷ್ಯಾದ ವಿದ್ಯಾರ್ಥಿಯೊಂದಿಗೆ, ಪಾಕಿಸ್ತಾನದ ಕಾರು ವ್ಯಾಪಾರಿಯೊಂದಿಗೆ, ಇಸ್ಲಾಮ್ ಸ್ವೀಕರಿಸಿದ ಜಪಾನಿನ ಅಕ್ಕನೊಂದಿಗೆ ಕುಳಿತು ಮಾತನಾಡಿ. ಜ್ವರ ಬಂದ ರಾತ್ರಿ ಯಾರಿಗೆ ಫೋನು ಮಾಡಬೇಕು ಎಂಬುದಕ್ಕೆ ಉತ್ತರ ಆ ಕಾರ್ಪೆಟ್ಟಿನ ಮೇಲೆ ಸಿಗುತ್ತದೆ.

ಮನೆಗೆ ಫೋನು ಮಾಡುವ ಹೊತ್ತು ಕೂಡ ಗೊತ್ತಿರಲಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ರಾತ್ರಿ ಹತ್ತಕ್ಕೆ ನೀವು ಫೋನು ಮಾಡಿದರೆ ಇಲ್ಲಿ ಸಂಜೆ ಆರೂವರೆ. ಡಿಸೆಂಬರ್‌ನಲ್ಲಿ ಉಮ್ಮ ಆಗಷ್ಟೇ ಮಗ್ರಿಬ್ ಮುಗಿಸಿ ಎದ್ದಿರುತ್ತಾರೆ.

ಅರ್ಜಿ, ಭಾಷಾ ಪರೀಕ್ಷೆಯ ಬಗ್ಗೆ ಕೇಳುವವರು ಊಟದ ನಂತರ ಸಿಗಿ. ವಸ್ಸಲಾಮು ಅಲೈಕುಮ್.