ನಿರ್ಣಯಕಾಲದಲ್ಲಿ ಮನದ ಎಚ್ಚರ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಶ್ರೀಗಳವರ ಅಪ್ಪಣೆಯನ್ನು ತಲೆಯಲ್ಲಿ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಲು ನಿಂತಿದ್ದೇನೆ. ಮನುಷ್ಯನ ಬಾಳಿನಲ್ಲಿ ದಿನಗಳು ಸಾವಿರಾರು. ಆದರೆ ಬಾಳಿನ ದಿಕ್ಕನ್ನು ತಿರುಗಿಸುವ ಗಳಿಗೆಗಳು ಬೆರಳೆಣಿಕೆಯವು. ಮಗಳ ಲಗ್ನ, ಹೊಲದ ಮಾರಾಟ, ಅಣ್ಣತಮ್ಮಂದಿರ ಪಾಲು, ಮಗನ ವಿದ್ಯೆ, ಊರು ಬಿಡುವ ಯೋಚನೆ: ಇವೇ ಆ ಗಳಿಗೆಗಳು. ಒಂದು ಮಣ್ಣಿನ ಗಡಿಗೆಯನ್ನು ಕೊಳ್ಳುವಾಗ ಬಾರಿಸಿ ನೋಡುವ ನಾವು, ಇಂಥ ಗಳಿಗೆಗಳಲ್ಲಿ ನಮ್ಮ ಮನಸ್ಸನ್ನು ಬಾರಿಸಿ ನೋಡುವದಿಲ್ಲ.

ಈ ಮನದ ಎಚ್ಚರವನ್ನು ಬೌದ್ಧರು ಪಾಳಿ ಭಾಷೆಯಲ್ಲಿ 'ಸತಿ' ಎಂದು ಕರೆದರು. ಸಂಸ್ಕೃತದ 'ಸ್ಮೃತಿ'ಯೇ ಅದು. 1979ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬವರು ದೀರ್ಘವ್ಯಾಧಿಯಿಂದ ನೊಂದವರಿಗೆ ಇದನ್ನು ಒಂದು ಅಭ್ಯಾಸಕ್ರಮವಾಗಿ ಕಲಿಸತೊಡಗಿದರು. ನಮಗಾದರೋ ಇದರ ಸಾಧನವು ಕೈಯಲ್ಲಿಯೇ ಉಂಟು. ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸಿ ಕುಳಿತವನಿಗೆ, ಮನಸ್ಸು ಎಷ್ಟು ಸಾರಿ ಓಡಿತು, ಯಾವ ಕಡೆಗೆ ಓಡಿತು ಎಂಬುದು ತಾನಾಗಿಯೇ ತಿಳಿಯುವದು. ಲಿಂಗಪೂಜೆಯ ಗುರಿಯು ಇದಕ್ಕಿಂತ ದೊಡ್ಡದು, ನಿಜ; ಆದರೆ ಪೂಜೆಯಲ್ಲಿ ಕಲಿತ ಈ ಎಚ್ಚರವನ್ನು ಪೂಜೆಯ ಕೋಣೆಯಲ್ಲಿಯೇ ಬಿಟ್ಟು ಬರುವದು ಯಾವ ನ್ಯಾಯ?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಂದೆಯು ಲಿಂಗೈಕ್ಯನಾಗಿದ್ದಾನೆ. ಕರ್ಮಾದಿಗಳು ಮುಗಿದಿವೆ. ತವರಿಗೆ ಬಂದ ಮಗಳ ಮುಂದೆ ಅಣ್ಣನು ಒಂದು ಕಾಗದವನ್ನಿರಿಸಿ, "ತಂಗೀ, ಇಲ್ಲಿ ಒಂದು ಸಹಿ ಹಾಕವ್ವಾ" ಎನ್ನುತ್ತಾನೆ. ಅದು ಹಕ್ಕುಬಿಡುಗಡೆಯ ಪತ್ರ. ನಮ್ಮ ರಾಜ್ಯದ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ, ಇವುಗಳಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲುಂಟು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಇದೆಲ್ಲ ಆ ತಾಯಿಗೆ ತಿಳಿದಿದ್ದರೂ ಇರಬಹುದು. ಆದರೂ ಅವಳ ಕೈ ಲೇಖನಿಯತ್ತ ಹೋಗುವದು.

ಆಕೆಯು ಸಹಿ ಮಾಡಬೇಕೋ ಬಾರದೋ ಎಂಬುದನ್ನು ನಾನು ಇಲ್ಲಿ ಹೇಳಹೊರಟಿಲ್ಲ. ಯಾವ ಮನಸ್ಸಿನಿಂದ ಮಾಡುತ್ತಾಳೆಂಬುದೇ ಪ್ರಶ್ನೆ. 'ಅಣ್ಣನು ಬಡವ, ನನಗೆ ಸಾಕಷ್ಟುಂಟು, ಇದನ್ನು ಮನವಾರೆ ಬಿಡುತ್ತೇನೆ' ಎಂದು ಬಿಟ್ಟರೆ ಅದು ದಾಸೋಹಕ್ಕೆ ಸಮನಾದ ಕೊಡುಗೆ. 'ಸಹಿ ಹಾಕದಿದ್ದರೆ ಪಂಚಮಿಗೆ ಕರೆಯುವವರಾರು? ತವರಿನ ಬಾಗಿಲು ಮುಚ್ಚೀತು' ಎಂಬ ಅಂಜಿಕೆಯಿಂದ ಬಿಟ್ಟರೆ ಅದು ಕೊಡುಗೆಯಲ್ಲ, ಸುಲಿಗೆ. ಕಾಗದದ ಮೇಲೆ ಎರಡೂ ಸಹಿಗಳು ಒಂದೇ ಬಗೆ. ಹತ್ತು ವರುಷಗಳ ಮೇಲೆ ಒಂದು ನೆಮ್ಮದಿಯಾಗಿಯೂ ಇನ್ನೊಂದು ಉರಿಯಾಗಿಯೂ ಉಳಿಯುವದು. ಈ ಭೇದವನ್ನು ವಕೀಲನು ಹೇಳಲಾರನು. ಒಳಗೆ ನೋಡಿಕೊಂಡವಳಿಗೇ ಅದು ಕಾಣುವದು. ಅಣ್ಣನೂ ತನ್ನ ಒಳಗನ್ನು ನೋಡಿಕೊಳ್ಳಬೇಕು. ದುಃಖದ ಮನೆಯಲ್ಲಿ ಅವಸರದಿಂದ ಕಾಗದವನ್ನು ಚಾಚಿದ ಕೈ ಪ್ರೀತಿಯದೋ, ಆಶೆಯದೋ?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಿಟ್ಟು, ಶೋಕ, ಅಂಜಿಕೆ, ಅತಿಹರ್ಷ ಇವು ಮೈಮೇಲಿರುವಾಗ ಮಾತು ಕೊಡಬಾರದು. "ಎಂಟು ದಿನ ಬಿಟ್ಟು ಹೇಳುತ್ತೇನೆ" ಎನ್ನುವದು ಅವಮರ್ಯಾದೆಯಲ್ಲ. ಎರಡನೆಯದಾಗಿ, ಬೆಳಗಿನ ಹೊತ್ತು ಸುಮ್ಮನೆ ಕುಳಿತು, ಉಸಿರು ಬಂದುಹೋಗುವದನ್ನು ಗಮನಿಸುತ್ತ, ಆ ನಿರ್ಣಯವನ್ನು ನೆನೆಯಬೇಕು. ಎದೆಯು ಬಿಗಿಯುವದೋ, ಹಗುರಾಗುವದೋ ನೋಡಬೇಕು. ಏಳುವ ಭಾವವನ್ನು ಅದರ ಹೆಸರಿನಿಂದಲೇ ಕರೆಯಬೇಕು: ಇದು ಅಂಜಿಕೆ, ಇದು ಹೊಟ್ಟೆಕಿಚ್ಚು, ಇದು ವಾತ್ಸಲ್ಯ. ಹೆಸರು ಹಿಡಿದು ಕರೆದ ಮೇಲೆ ಕಳ್ಳನಿಗೆ ಅಡಗಲು ಎಡೆಯಿಲ್ಲ. ಮೂರನೆಯದಾಗಿ, ಈ ನಿರ್ಣಯದ ಭಾರವನ್ನು ಹೊರುವವರು ಯಾರೆಂಬುದನ್ನು ನೆನೆಯಬೇಕು. ಲಗ್ನವು ಮಗಳದಾದರೆ ಅವಳ ಮಾತನ್ನು ಕೇಳದೆ ನಮ್ಮ ಎಚ್ಚರವು ಪೂರ್ಣವಾಗಲಾರದು.

ಇಲ್ಲಿ ಎರಡು ತಪ್ಪು ತಿಳುವಳಿಕೆಗಳನ್ನು ದೂರಮಾಡಬೇಕು. ಕಣ್ಣು ಮುಚ್ಚಿ ಕುಳಿತವನಿಗೆ ಹೊಲದ ಮೇಲಿನ ಸಾಲವು ಕಾಣಿಸದು; ಅದಕ್ಕೆ ಪಹಣಿಯನ್ನೂ ಋಣಭಾರ ಪತ್ರವನ್ನೂ ತೆಗೆಸಿಯೇ ನೋಡಬೇಕು. ಎಚ್ಚರವು ವಿಚಾರಣೆಯ ಬದಲಿಗೆ ಬರುವದಲ್ಲ. ವಿಚಾರಣೆಯಿಂದ ತಿಳಿದುದನ್ನು ಆಶೆಯ ಬಣ್ಣ ಬಳಿಯದೆ ನೋಡುವ ಶಕ್ತಿಯದು. ಅಂತೆಯೇ, ನಿರ್ಣಯವನ್ನು ಮುಂದೂಡುತ್ತ ಹೋಗುವದೂ ಎಚ್ಚರವಲ್ಲ. ಮಳೆಯಾದ ಮೇಲೂ ಬಿತ್ತದೆ ಯೋಚಿಸುತ್ತ ಕುಳಿತ ಒಕ್ಕಲಿಗನನ್ನು ಯಾರೂ ಜ್ಞಾನಿಯೆನ್ನರು.

ಹರ್ಡೇಕರ ಮಂಜಪ್ಪನವರ ಬಾಳನ್ನು ನೋಡಿರಿ. ಶಿರಸಿಯಲ್ಲಿ ಶಿಕ್ಷಕರಾಗಿದ್ದ ಅವರು 1906ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆ ನೌಕರಿಯನ್ನು ಬಿಟ್ಟು ದಾವಣಗೆರೆಯಲ್ಲಿ 'ಧನುರ್ಧಾರಿ' ಪತ್ರಿಕೆಯನ್ನು ತೆಗೆದರು. 1913ರಲ್ಲಿ ಅಲ್ಲಿಯೇ ಬಸವಜಯಂತಿಯ ಸಾರ್ವಜನಿಕ ಉತ್ಸವಕ್ಕೆ ಮೊದಲಿಟ್ಟರು. 1947ರಲ್ಲಿ ದೇಹವಿಡುವವರೆಗೂ ಹಿಡಿದ ಸೇವೆಯ ದಾರಿಯನ್ನು ಬಿಡಲಿಲ್ಲ. ಆವೇಶದಿಂದ ನೌಕರಿ ಬಿಡುವದು ಒಂದು ದಿನದ ಕೆಲಸ. ನಾಲ್ವತ್ತು ವರುಷ ಅದನ್ನು ಹೊತ್ತು ನಡೆಯುವದು ಅರಿತು ಮಾಡಿದ ನಿರ್ಣಯದಿಂದ ಮಾತ್ರ ಸಾಧ್ಯ.

ಬಂಧುಗಳೇ, ಎಚ್ಚರದಿಂದ ಮಾಡಿದ ನಿರ್ಣಯವೆಲ್ಲ ಫಲಿಸಿಯೇ ತೀರುವದೆಂದು ನಾನು ಹೇಳಲಾರೆ. ಮಳೆ ಕೈಕೊಡಬಹುದು, ಸಂಬಂಧ ಒಡೆಯಬಹುದು. ಆದರೆ 'ನಾನು ಅಂಜಿ ಮಾಡಲಿಲ್ಲ, ಆಶೆಯಿಂದ ಮಾಡಲಿಲ್ಲ, ಕಂಡು ಮಾಡಿದೆ' ಎಂಬ ಧೈರ್ಯವು ನಷ್ಟದಲ್ಲಿಯೂ ನಮ್ಮನ್ನು ನಿಲ್ಲಿಸುವದು. ಇಂದು ಮನೆಗೆ ಹೋದ ಮೇಲೆ, ನಿಮ್ಮ ಮುಂದೆ ಅಂಥ ಕಾಗದವೊಂದು ಕಾದಿದ್ದರೆ, ನಾಳಿನ ಪೂಜೆಯು ಮುಗಿಯುವವರೆಗೆ ಅದನ್ನು ಮುಟ್ಟಬೇಡಿರಿ. ಇಷ್ಟೇ ನನ್ನ ಅರಿಕೆ.