ಉತ್ತರ ಬರೆಯದ ಪತ್ರ



ಮತವನ್ನು ಬದಲಿಸಿದವರ ವಿಷಯವಾಗಿ ನಾವು ಬಹಳ ವಾದಿಸುತ್ತೇವೆ. ಅವರ ಹಳೆಯ ಗೆಳೆಯರು ಏನಾದರೆಂದು ಕೇಳುವುದು ಕಡಿಮೆ. ದೀಕ್ಷಾಸ್ನಾನ ಒಂದು ದಿನದಲ್ಲಿ ಮುಗಿಯುತ್ತದೆ. ಆ ಬಳಿಕ ಗೆಳೆಯನ ಅಂಗಳಕ್ಕೆ ಮತ್ತೆ ಕಾಲಿಡಲು ಕೆಲವೊಮ್ಮೆ ಮೂವತ್ತು ವರ್ಷ ಹಿಡಿಯುತ್ತದೆ.

ಮಂಗಳೂರಿನ ಆನಂದರಾವ್ ಕೌಂಡಿನ್ಯರನ್ನು ನೆನೆಯೋಣ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಅವರು, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರ ಪ್ರಭಾವದಿಂದ 1844ರಲ್ಲಿ ಕ್ರೈಸ್ತರಾದರು. ಊರಿನಲ್ಲಿ ಕೋಲಾಹಲವಾಯಿತು, ಸ್ವಜನರು ದೂರವಾದರು. 1846ರಲ್ಲಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದವರು ಬಂದದ್ದು ಅದೇ ಮಂಗಳೂರಿಗೆ. ಗುರುವಿನ ಹೆಸರಾದ ಹೆರ್ಮನ್ ಅವರ ಹೆಸರಿನ ಮುಂದೆ ಸೇರಿತು. ಆದರೆ ಕೌಂಡಿನ್ಯ ಎಂಬುದನ್ನು ಅವರು 1893ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಹೊಸದನ್ನು ಅಪ್ಪಿಕೊಂಡವನು ಹಳೆಯದನ್ನೆಲ್ಲ ಒರೆಸಿಹಾಕಿರುತ್ತಾನೆಂದು ಭಾವಿಸುವವರು ಉಳಿದ ನಾವು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕುಂದಾಪುರದಲ್ಲಿ ಓದುತ್ತಿದ್ದಾಗ ಬೈಂದೂರು ಕಡೆಯ ಗೆಳೆಯನೊಬ್ಬನಿದ್ದ. ಇಬ್ಬರಿಗೂ ಯಕ್ಷಗಾನದ ಹುಚ್ಚು. ಬಯಲಾಟ ಎಲ್ಲಿದ್ದರೂ ನಡೆದೇ ಹೋಗಿ, ಬೆಳಗಿನ ಮಂಗಳದವರೆಗೂ ಕುಳಿತು, ನಿದ್ದೆಗಣ್ಣಿನಲ್ಲಿ ಅರ್ಥದ ಗುಣದೋಷ ಚರ್ಚಿಸುತ್ತ ಹಿಂತಿರುಗುತ್ತಿದ್ದೆವು. ಮುಂದೆ ಉದ್ಯೋಗಕ್ಕೆಂದು ಪರಸ್ಥಳಕ್ಕೆ ಹೋದವನು ಅಲ್ಲಿ ಕ್ರೈಸ್ತನಾದ. ಅದನ್ನು ತಿಳಿಸಿ ಪತ್ರ ಬರೆದ. ಕೊನೆಯಲ್ಲಿ, ಈ ಸಲ ಊರಿಗೆ ಬಂದಾಗ ಆಟಕ್ಕೆ ಹೋಗೋಣವೇ ಎಂದು ಕೇಳಿದ್ದ.

ನಾನು ಉತ್ತರ ಬರೆಯಲಿಲ್ಲ. ಸಿಟ್ಟಿರಲಿಲ್ಲ, ಅಳುಕಿತ್ತು. ಅವನು ತನ್ನ ಹೊಸ ದೇವರ ಮಾತೆತ್ತಿದರೆ ಏನು ಹೇಳಲಿ, ಮನೆಯಲ್ಲಿ ಹಿರಿಯರ ಮುಂದೆ ಅವನನ್ನು ಎಲ್ಲಿ ಕೂರಿಸಲಿ? ಹೀಗೆ ಯೋಚಿಸುತ್ತ ವರ್ಷಗಳು ಕಳೆದವು.

ಮೂವತ್ತು ವರ್ಷಗಳ ಮೇಲೆ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ನರೆತ ತಲೆಯ ಒಬ್ಬರು ಎದುರು ನಿಂತು, "ಎಂತ ಮಾರಾಯ, ಗುರ್ತ ಸಿಕ್ಕಲಿಲ್ಯಾ?" ಎಂದರು. ನಾನು ಪತ್ರದ ವಿಷಯ ತೆಗೆದು ತಡವರಿಸಿದೆ. "ಬೈದು ಬರೆದಿದ್ರೂ ಸಾಕಿತ್ತು" ಎಂದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದ: "ಆಗ ಬಂದಿದ್ರೆ ನಾನೂ ನಿಂಗೆ ಉಪದೇಶವೇ ಮಾಡ್ತಿದ್ದೆನೋ ಏನೋ. ಆ ಹೆದರಿಕೆಗೆ ಎರಡನೆಯ ಪತ್ರ ಬರೀಲಿಲ್ಲ." ಅಳುಕು ಎರಡೂ ದಡದಲ್ಲಿತ್ತು.

ಅಂದು ಮಧ್ಯಾಹ್ನ ಅವನನ್ನು ಮನೆಗೆ ಕರೆತಂದೆ. ಊಟಕ್ಕೆ ಕುಳಿತವನು ಕಣ್ಣು ಮುಚ್ಚಿ ಪ್ರಾರ್ಥಿಸಿದ. ನನ್ನ ಹೆಂಡತಿ ಸಾರಿನ ಸೌಟು ಹಿಡಿದು ಕಾದು ನಿಂತಳು. ನನ್ನ ತಂದೆ ಎಲೆಯ ಸುತ್ತ ನೀರು ಬಿಟ್ಟು ಮಂತ್ರ ಹೇಳುವಾಗ, ಮಕ್ಕಳಾದ ನಾವು ತುತ್ತೆತ್ತದೆ ಹೀಗೆಯೇ ಕಾಯುತ್ತಿದ್ದುದು ನೆನಪಾಯಿತು. ಊಟವಾದ ಮೇಲೆ ಅವನು ಕೃಷ್ಣಸಂಧಾನದ ಪ್ರಸಂಗ ತೆಗೆದ. ಕೌರವನ ಪಕ್ಷವನ್ನು ಅವನು ವಹಿಸಿದ. ಕೃಷ್ಣನ ಪಕ್ಷ ನನ್ನದಾಯಿತು. ಹಿಂದೆಯೂ ಹಾಗೆಯೇ ಇತ್ತು.

ನಂಬಿಕೆಯ ವಿಷಯದಲ್ಲಿ ನಾವು ಇಂದಿಗೂ ಒಮ್ಮತದವರಲ್ಲ. ಆದರೆ ಆ ಮಾತನ್ನು ಈಗ ಎದುರುಬದುರು ಕುಳಿತು ಆಡುತ್ತೇವೆ. ಕಳೆದುಹೋದ ಮೂವತ್ತು ವರ್ಷ ಮಾತ್ರ ಹಿಂತಿರುಗಲಾರದು. ಕೇಳುತ್ತಿರುವ ನಿಮ್ಮ ಪೆಟ್ಟಿಗೆಯಲ್ಲಿಯೂ ಅಂತಹ ಪತ್ರವೊಂದಿದ್ದರೆ, ದಯವಿಟ್ಟು ಇಂದೇ ಉತ್ತರ ಬರೆಯಿರಿ.